ಮಾರೋ ಅಂಗಡಿ ಮೊದಲು ನೋಡಿ, ವಜ್ರ ಆಮೇಲೆ ಕೊಳ್ಳಿ

ಹೋದ ತಿಂಗಳು ಪಕ್ಕದ ಮನೆ ಹುಡುಗ ಬಂದು ಜಗಲಿ ಮೇಲೆ ಕೂತ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ರಜೆ ಸಿಕ್ಕಾಗ ಶಿವಮೊಗ್ಗಕ್ಕೆ ಬರುತ್ತಾನೆ. "ಅಂಕಲ್, ಚಿನ್ನ ಮುಟ್ಟೋ ಹಾಗಿಲ್ಲ. ಕಂಪನಿಯಲ್ಲಿ ಇವತ್ತು ಯಾರನ್ನ ತೆಗೀತಾರೋ ನಾಳೆ ಯಾರನ್ನ ತೆಗೀತಾರೋ. ಐದು ಲಕ್ಷ ಕೂಡಿಟ್ಟಿದ್ದೀನಿ. ವಜ್ರ ತಗೊಂಡು ಇಟ್ಟುಬಿಡ್ಲಾ?" ಅಂದ.

"ತಗೊಳ್ಳೋದು ಆಮೇಲೆ. ಮಾರೋದಾದ್ರೆ ಎಲ್ಲಿ ಮಾರ್ತೀಯ?" ಅಂತ ಕೇಳಿದೆ.

ಅದನ್ನು ಅವನು ಯೋಚಿಸಿರಲಿಲ್ಲ. ಒಂದು ಕಾಲದಲ್ಲಿ ನಾನೂ ಯೋಚಿಸಿರಲಿಲ್ಲ. ಅವನಿಗೆ ಅವತ್ತು ಸಂಜೆ ಎರಡು ಲೋಟ ಕಾಫಿ ಮುಗಿಯುವ ತನಕ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು 28 ವರ್ಷ ಬ್ಯಾಂಕಿನಲ್ಲಿ ಒಡವೆ ಪರೀಕ್ಷೆ ಮಾಡಿದವನು. ಅಪ್ರೈಸರ್ ಅಂತಾರೆ, ಹಳಬರು ಸರಾಫ ಅಂತಾರೆ. ಸಂಬಳದ ಕೆಲಸ ಅಲ್ಲ, ಒಂದು ಸಾಲಕ್ಕೆ ಇಷ್ಟು ಅಂತ ಕಮಿಷನ್. ನಮ್ಮಪ್ಪ ಗಾಂಧಿ ಬಜಾರಿನ ಒಂದು ಸಂದಿಯಲ್ಲಿ ಕೂತು ಓಲೆ, ಮೂಗುಬೊಟ್ಟು ಮಾಡುತ್ತಿದ್ದ ಅಕ್ಕಸಾಲಿಗರು. ಅವರ ಒರೆಗಲ್ಲೇ ನನ್ನ ಕೈಗೆ ಬಂತು. ಅಡಿಕೆ ರೇಟು ಬಿದ್ದ ವರ್ಷ, ಮಳೆ ಕೈಕೊಟ್ಟ ವರ್ಷ, ಆಮೇಲೆ 2020ರಲ್ಲಿ ಮಾಸ್ಕ್ ಹಾಕಿಕೊಂಡು ಜನ ಸಾಲು ನಿಂತ ವರ್ಷ, ಎಲ್ಲವನ್ನೂ ಆ ಕೌಂಟರಿನ ಈ ಕಡೆಯಿಂದ ನೋಡಿದ್ದೇನೆ.

ನಮ್ಮ ರಿಜಿಸ್ಟರಿನಲ್ಲಿ ಮೂರು ಕಾಲಂ ಇರುತ್ತಿತ್ತು. ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ತೂಕ. ಬ್ಯಾಂಕು ಸಾಲ ಕೊಡುವುದು ಕೊನೆಯ ಕಾಲಂಗೆ. ಮಧ್ಯದ ಕಾಲಂನಲ್ಲಿ ಕೆಂಪು ಇದ್ದರೂ ಒಂದೇ, ಗಾಜು ಇದ್ದರೂ ಒಂದೇ, ವಜ್ರ ಇದ್ದರೂ ಒಂದೇ. ಕಳೆಯಬೇಕು, ಅಷ್ಟೆ. ಒಬ್ಬರು ಅಮ್ಮ ವಜ್ರದ ನೆಕ್ಲೆಸ್ ತಂದಿದ್ದರು, ಆರು ಲಕ್ಷಕ್ಕೆ ಕೊಂಡದ್ದಂತೆ. ನಾನು 31 ಗ್ರಾಂ ಚಿನ್ನ ಅಂತ ಬರೆದೆ. "ವಜ್ರಕ್ಕೆ ಎಷ್ಟು ಹಾಕಿದ್ರಿ?" ಅಂದರು. "ಏನೂ ಇಲ್ಲಮ್ಮ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಸಹಿ ಹಾಕಿ, ಹಣ ತಗೊಂಡು ಹೋದರು.

ಇಷ್ಟೆಲ್ಲ ಗೊತ್ತಿದ್ದ ನಾನೇ 2013ರಲ್ಲಿ ವಜ್ರ ಕೊಂಡೆ!

ನನ್ನ ಜಾಣತನದ ಲೆಕ್ಕ

ಆ ವರ್ಷ ಆಗಸ್ಟ್ ನೆನಪಿದೆಯಾ? ರೂಪಾಯಿ ದಿನಾ ಬೀಳುತ್ತಿತ್ತು. 28ನೇ ತಾರೀಕು ಡಾಲರಿಗೆ 68 ರೂಪಾಯಿ ದಾಟಿತು. ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇಕಡಾ 10ಕ್ಕೆ ಏರಿಸಿತ್ತು. ನಾನು ಲೆಕ್ಕ ಹಾಕಿದೆ: ವಜ್ರದ ವ್ಯಾಪಾರ ಜಗತ್ತಿನಲ್ಲೆಲ್ಲ ಡಾಲರಿನಲ್ಲಿ ನಡೆಯುತ್ತದೆ. ರೂಪಾಯಿ ಬಿದ್ದಷ್ಟೂ ವಜ್ರ ಏರಬೇಕು. ಅಲ್ವಾ?

ಏಳು ಕಲ್ಲಿನ ಓಲೆ ಒಂದು ಜೊತೆ ಕೊಂಡೆ. ಒಂದೊಂದು ಕಲ್ಲು 7 ಸೆಂಟ್ (ಕ್ಯಾರೆಟ್ಟಿನ ನೂರನೇ ಒಂದು ಪಾಲಿಗೆ ಸೆಂಟ್ ಅಂತಾರೆ), ಹದಿನಾಲ್ಕು ಕಲ್ಲು ಸೇರಿ 98 ಸೆಂಟ್. ಕಲ್ಲಿಗೆ 73,500 ರೂಪಾಯಿ, 8 ಗ್ರಾಂ ಚಿನ್ನಕ್ಕೆ 22,800, ಮಜೂರಿ 6,000. ತೆರಿಗೆ ಎಲ್ಲ ಸೇರಿ ಒಂದು ಲಕ್ಷದ ಮೂರೂವರೆ ಸಾವಿರ ಆಯಿತು.

2020ರ ಜೂನ್. ಮಗನ ಫೀಸ್ ಕಟ್ಟಬೇಕಿತ್ತು, ಬ್ಯಾಂಕಿನಲ್ಲಿ ನನಗೆ ಕಮಿಷನ್ ಅಷ್ಟಕ್ಕಷ್ಟೆ. ಓಲೆ ತೆಗೆದುಕೊಂಡು ಕೊಂಡ ಅಂಗಡಿಗೇ ಹೋದೆ. "ಹೊಸ ಒಡವೆ ತಗೊಳ್ಳೋದಾದ್ರೆ ಕಲ್ಲಿಗೆ ಬಿಲ್ಲಿನ ಶೇಕಡಾ 70 ಹಿಡೀತೀವಿ. ಕ್ಯಾಶ್ ಕೊಡಲ್ಲ" ಅಂದರು. ಎರಡನೇ ಅಂಗಡಿಯವನು ಚಿನ್ನಕ್ಕೆ 36,000 ಹೇಳಿ, "ಕಲ್ಲು ಬಿಚ್ಚಿ ನಿಮಗೇ ಕೊಡ್ತೀನಿ, ನಂಗೆ ಬೇಡ" ಅಂದ. ಮೂರನೆಯವನು ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಹಿಡಿದು ಹತ್ತು ನಿಮಿಷ ನೋಡಿದ. ಹದಿನಾಲ್ಕು ಕಲ್ಲಿಗೆ 25,000 ಅಂದ.

ಡಾಲರ್ ಅಷ್ಟೊತ್ತಿಗೆ 75 ದಾಟಿತ್ತು. ಅಂದರೆ ರೂಪಾಯಿ ಬೀಳುತ್ತೆ ಅಂತ ನಾನು ಹಾಕಿದ ಲೆಕ್ಕ ಸರಿಯಾಗೇ ಇತ್ತು. ಆದರೂ ಕಲ್ಲಿನ ದುಡ್ಡಿನಲ್ಲಿ ಮೂರರಲ್ಲಿ ಎರಡು ಪಾಲು ಹೋಗಿತ್ತು. ಚಿನ್ನ ಅದೇ ಓಲೆಯಲ್ಲಿ ಕೂತು ಸುಮ್ನೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗಿತ್ತು. ಓಲೆ ಮಾರಲಿಲ್ಲ. ಹೆಂಡತಿಯ ಬಳೆ ಅಡವಿಟ್ಟು ಫೀಸ್ ಕಟ್ಟಿದೆ. ಆ ಬಳೆಯ ಪರೀಕ್ಷೆಯನ್ನು ಬೇರೆ ಶಾಖೆಯವರು ಮಾಡಿದರು.

ಹಾಗಾದರೆ ಕೊಳ್ಳಲೇಬಾರದಾ?

ಕೊಳ್ಳಬಹುದು. ಆದರೆ ಯಾರು ಕೊಳ್ಳಬಹುದು ಅನ್ನುವುದು ಮೊದಲು. ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇರಬೇಕು. ಕೈಗಡ, ಕ್ರೆಡಿಟ್ ಕಾರ್ಡ್ ಬಾಕಿ ಇರಬಾರದು. ಆರೋಗ್ಯ ವಿಮೆ ಇರಬೇಕು. ಸ್ವಲ್ಪ ಚಿನ್ನ ಇರಬೇಕು. ಇಷ್ಟು ಆದಮೇಲೆ ಉಳಿದ ದುಡ್ಡಿನಲ್ಲಿ ಹತ್ತನೇ ಒಂದು ಪಾಲು, ಹತ್ತು ವರ್ಷ ಮುಟ್ಟುವ ಅಗತ್ಯ ಇಲ್ಲ ಅನ್ನುವವರು ವಜ್ರ ನೋಡಲಿ. ಇದು ನನ್ನ ಅಳತೆ, ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಕೆಲಸ ಹೋಗುತ್ತೆ ಅಂತ ಹೆದರಿಕೊಂಡು, ಇರುವ ದುಡ್ಡನ್ನೆಲ್ಲ ವಜ್ರಕ್ಕೆ ಹಾಕುವುದು ಮಾತ್ರ ಪೂರ್ತಿ ತಲೆಕೆಳಗಾದ ಕೆಲಸ. ಕೆಲಸ ಹೋದ ದಿನ ಬೇಕಾಗುವುದು ನಾಳೆಯೇ ಕೈಗೆ ಬರುವ ದುಡ್ಡು. ವಜ್ರದಿಂದ ಅದು ಬರುವುದಿಲ್ಲ.

ಯಾಕೆ ಬರುವುದಿಲ್ಲ? ಚಿನ್ನಕ್ಕೆ ದಿನಾ ಬೆಳಿಗ್ಗೆ ಒಂದು ರೇಟು ಪೇಪರಿನಲ್ಲಿ ಬರುತ್ತದೆ, ಚಿನಿವಾರ ಪೇಟೆ ಅಂತ. ನಿಮ್ಮ ಹತ್ತು ಗ್ರಾಂ, ನನ್ನ ಹತ್ತು ಗ್ರಾಂ ಒಂದೇ. ವಜ್ರ ಹಾಗಲ್ಲ. ಒಂದೇ ತೂಕದ ಎರಡು ಕಲ್ಲು ಪಕ್ಕಪಕ್ಕ ಇಟ್ಟರೆ ಒಂದರ ಬೆಲೆ ಇನ್ನೊಂದರ ಎರಡು ಪಟ್ಟು ಇರಬಹುದು. ವ್ಯಾಪಾರಿಗಳ ನಡುವೆ ರ್‍ಯಾಪಪೋರ್ಟ್ ಅನ್ನುವ ಬೆಲೆಪಟ್ಟಿ ಇದೆ, 1978ರಿಂದ ಬರುತ್ತಿದೆ, ಡಾಲರಿನಲ್ಲಿ. ಆದರೆ ಅದು ಮಾತುಕತೆ ಶುರು ಮಾಡುವ ಬೆಲೆ. ಮುಂಬೈನವರು "ರ್‍ಯಾಪ್‌ಗಿಂತ 30 ಬ್ಯಾಕ್", "40 ಬ್ಯಾಕ್" ಅಂತ ಮಾತಾಡುತ್ತಾರೆ. ಅಂದರೆ ಪಟ್ಟಿಯ ಬೆಲೆಗಿಂತ ಶೇಕಡಾ 30, 40 ಕಡಿಮೆ. ನಾವು ನೀವು ಮಾರಲು ಹೋದರೆ ಅದಕ್ಕಿಂತಲೂ ಕೆಳಗೆ.

ವಜ್ರವನ್ನು ಚಿನ್ನದ ಹಾಗೆ ಎಕ್ಸ್‌ಚೇಂಜಿನಲ್ಲಿ ವ್ಯಾಪಾರ ಮಾಡಿಸುವ ಪ್ರಯತ್ನ ನಮ್ಮ ದೇಶದಲ್ಲೇ ನಡೆಯಿತು. 2017ರಲ್ಲಿ ಐಸೆಕ್ಸ್ ಅನ್ನುವ ಎಕ್ಸ್‌ಚೇಂಜು ವಜ್ರದ ಫ್ಯೂಚರ್ಸ್, ಅಂದರೆ ಮುಂದಿನ ತಾರೀಕಿನ ಮಾಲಿಗೆ ಇವತ್ತೇ ಬೆಲೆ ಕಟ್ಟುವ ವ್ಯಾಪಾರ, ಶುರು ಮಾಡಿತ್ತು. 2022ರಲ್ಲಿ ಇಂಥ ಪೇಟೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ ಆ ಎಕ್ಸ್‌ಚೇಂಜಿನ ಮಾನ್ಯತೆಯನ್ನೇ ವಾಪಸ್ ತೆಗೆದುಕೊಂಡಿತು.

ಮೊದಲ ಕೆಲಸ: ಮಾರಲು ಹೋಗಿ

ಹುಡುಗನಿಗೆ ನಾನು ಹೇಳಿದ ಮೊದಲ ಕೆಲಸ ಇದು. ಮನೆಯಲ್ಲಿ ಅಮ್ಮನದೋ ಅಜ್ಜಿಯದೋ ಒಂದು ವಜ್ರದ ಒಡವೆ ಇದ್ದೇ ಇರುತ್ತದೆ. ಮೂಗುಬೊಟ್ಟಾದರೂ ಸರಿ. ಅದನ್ನು ತೆಗೆದುಕೊಂಡು ಮೂರು ಅಂಗಡಿಗೆ ಹೋಗು. "ಇದನ್ನ ಮಾರಬೇಕು, ಕ್ಯಾಶ್ ಎಷ್ಟು ಕೊಡ್ತೀರಿ?" ಅಂತ ಕೇಳು. ಮಾರಬೇಡ. ಸುಮ್ನೆ ಕೇಳು. ಚಿನ್ನಕ್ಕೆ ಎಷ್ಟು, ಕಲ್ಲಿಗೆ ಎಷ್ಟು ಅಂತ ಬೇರೆ ಬೇರೆ ಬರೆದುಕೋ.

ಒಂದು ಮಧ್ಯಾಹ್ನದ ಕೆಲಸ ಇದು. ಯಾವ ಅಂಗಡಿ ಕಲ್ಲನ್ನು ಗೌರವದಿಂದ ನೋಡುತ್ತದೆ, ಯಾವುದು ಕೈಯಲ್ಲೂ ಮುಟ್ಟುವುದಿಲ್ಲ ಅಂತ ಗೊತ್ತಾಗುತ್ತದೆ. ಕೊಳ್ಳಲು ಹೋದಾಗ ಕುರ್ಚಿ ಕೊಟ್ಟು ಬಾದಾಮಿ ಹಾಲು ಕೊಡುವವರ ಮುಖ, ಮಾರಲು ಹೋದಾಗ ಹೇಗಿರುತ್ತೆ ಅನ್ನುವುದೂ ಗೊತ್ತಾಗುತ್ತದೆ.

ಒಡವೆ ಬೇಡ, ಬಿಡಿ ಕಲ್ಲು

ಉಳಿತಾಯಕ್ಕೆ ಅಂತ ಕೊಳ್ಳುವುದಾದರೆ ಒಡವೆ ಕೊಳ್ಳಬೇಡಿ. ಲೆಕ್ಕ ನೋಡಿ. ಒಂದು ಉಂಗುರದಲ್ಲಿ ಎರಡೂವರೆ ಲಕ್ಷದ ವಜ್ರ, 50,000ದ ಚಿನ್ನ, 15,000 ಮಜೂರಿ ಇದೆ ಅಂದುಕೊಳ್ಳಿ. 3,15,000 ಆಯಿತು. ಶೇಕಡಾ 3 ಜಿಎಸ್‌ಟಿ 9,450. ಕೊಟ್ಟದ್ದು 3,24,450. ಮರುದಿನವೇ ಮಾರಲು ಹೋದರೆ ಮಜೂರಿ ಹೋಯಿತು, ತೆರಿಗೆ ಹೋಯಿತು. ಚಿನ್ನಕ್ಕೆ 48,000 ಸಿಗಬಹುದು. ವಜ್ರಕ್ಕೆ ಶೇಕಡಾ 70 ಹಿಡಿಯುವ ಒಳ್ಳೆಯ ಅಂಗಡಿಯೇ ಆದರೂ 1,75,000. ಒಟ್ಟು 2,23,000. ಒಂದು ಲಕ್ಷ ಒಂದೇ ರಾತ್ರಿಯಲ್ಲಿ ಮಾಯ. ನಿಮ್ಮ ಅಸಲು ವಾಪಸ್ ಬರಬೇಕಾದರೂ, ಚಿನ್ನದ ಬೆಲೆ ಹಾಗೇ ಇದ್ದರೆ, ವಜ್ರದ ಬೆಲೆ ಶೇಕಡಾ 58ರಷ್ಟು ಏರಬೇಕು.

ಬಿಡಿ ಕಲ್ಲಿಗೆ ಮಜೂರಿ ಇಲ್ಲ, ಜಿಎಸ್‌ಟಿ ಶೇಕಡಾ 1.5. ಎಲ್ಲಕ್ಕಿಂತ ಮುಖ್ಯ, ಕಲ್ಲನ್ನು ಎಲ್ಲ ಕಡೆಯಿಂದ ನೋಡಬಹುದು, ತೂಗಬಹುದು. ಕಟ್ಟಿದ ಮೇಲೆ ಅರ್ಧ ಮುಚ್ಚಿಹೋಗುತ್ತದೆ. ನಮ್ಮ ಹಳೇ ಓಲೆಗಳ ಹಿಂಬದಿ ಪೂರ್ತಿ ಮುಚ್ಚಿರುತ್ತಿತ್ತು. ಒಳಗೆ ಏನಿದೆ ಅಂತ ನೋಡಲು ಅಪ್ಪ ಕಟ್ಟು ಬಿಚ್ಚಿಯೇ ನೋಡಬೇಕಾಗುತ್ತಿತ್ತು. ಒಂದೆರಡು ಸಲ ಜಗಳವೂ ಆಗಿದೆ, "ನೀವೇ ಕಲ್ಲು ಬದಲಾಯಿಸಿದ್ರಿ" ಅಂತ.

ಎಂಥ ಕಲ್ಲು?

ತೂಕದಿಂದ ಶುರು ಮಾಡೋಣ. 1 ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರಲ್ಲಿ 100 ಸೆಂಟ್. ಅರ್ಧ ಕ್ಯಾರೆಟ್ಟಿನ ಎರಡು ಕಲ್ಲಿಗಿಂತ 1 ಕ್ಯಾರೆಟ್ಟಿನ ಒಂದು ಕಲ್ಲಿಗೆ ಬೆಲೆ ತುಂಬಾ ಜಾಸ್ತಿ. ದೊಡ್ಡ ಕಲ್ಲು ಅಪರೂಪ, ಚಿಕ್ಕದು ರಾಶಿ ರಾಶಿ ಸಿಗುತ್ತದೆ. ಇದು ಹೊಸ ವಿಷಯ ಏನಲ್ಲ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನ್ಯೂನಿಜ್ ಬರೆದಿದ್ದಾನೆ: ಗಣಿಯಲ್ಲಿ ಇಂತಿಷ್ಟು ಅಂತ ಗೊತ್ತು ಮಾಡಿದ ತೂಕಕ್ಕಿಂತ ದೊಡ್ಡ ವಜ್ರ ಸಿಕ್ಕರೆ ಅದು ಅರಸನ ಖಜಾನೆಗೆ ಹೋಗಬೇಕಿತ್ತಂತೆ. ಉಳಿದದ್ದು ಪೇಟೆಗೆ. ನಾನು ಕೊಂಡ ಹದಿನಾಲ್ಕು ಪುಡಿ ಕಲ್ಲು ಅಂಥ ಪೇಟೆಯ ಮಾಲು. ಹಾಗಾಗಿ ಕೈಯಲ್ಲಿ ಇರುವ ದುಡ್ಡಿಗೆ ಸಿಗುವ ಒಂದೇ ಒಂದು ಕಲ್ಲು ಕೊಳ್ಳಿ. ಅರ್ಧ ಕ್ಯಾರೆಟ್ಟಿಗಿಂತ ಕಡಿಮೆ ಬೇಡ. 1 ಕ್ಯಾರೆಟ್ ಆದರೆ ಇನ್ನೂ ಒಳ್ಳೆಯದು. 98 ಸೆಂಟಿನ ಕಲ್ಲಿಗೂ 1 ಕ್ಯಾರೆಟ್ಟಿನ ಕಲ್ಲಿಗೂ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಬೆಲೆಯಲ್ಲಿ ಕಾಣುತ್ತದೆ. ಹಾಕಿಕೊಳ್ಳುವವರಿಗೆ 98 ಲಾಭ. ಮಾರುವವರಿಗೆ 100 ಸುಲಭ.

ಆಕಾರ ದುಂಡಗೇ ಇರಲಿ. ಹೃದಯ, ಹನಿ, ಚೌಕ ಎಲ್ಲ ಚೆಂದ, ಆದರೆ ಆಯಾ ಕಾಲದ ಫ್ಯಾಷನ್ನು. ಚೆನ್ನಾಗಿ ಕತ್ತರಿಸಿದ 1 ಕ್ಯಾರೆಟ್ ದುಂಡು ಕಲ್ಲು ಸುಮಾರು ಆರೂವರೆ ಮಿಲಿಮೀಟರ್ ಅಗಲ ಇರುತ್ತದೆ. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ತೂಕವೆಲ್ಲ ಹೊಟ್ಟೆಯಲ್ಲಿ ಅಡಗಿದೆ ಅಂತ ಅರ್ಥ. ಲ್ಯಾಬಿನ ಪ್ರಮಾಣಪತ್ರದಲ್ಲಿ ಕಟ್ ಅನ್ನುವ ಕಡೆ ಎಕ್ಸಲೆಂಟ್ ಅಂತಲೇ ಇರಬೇಕು, ಇಲ್ಲಿ ಚೌಕಾಸಿ ಬೇಡ.

ಬಣ್ಣಕ್ಕೆ ಡಿ ಇಂದ ಝಡ್ ತನಕ ಅಕ್ಷರ. ಡಿ ಅಂದರೆ ನೀರಿನ ಹಾಗೆ. ಕೆಳಗಿಳಿದಂತೆ ಹಳದಿ ಛಾಯೆ. ಶುದ್ಧತೆಗೆ, ಅಂದರೆ ಒಳಗೆ ಚುಕ್ಕೆ ಎಷ್ಟು ಕಡಿಮೆ ಅನ್ನುವುದಕ್ಕೆ, ಐಎಫ್, ವಿವಿಎಸ್, ವಿಎಸ್, ಎಸ್‌ಐ, ಐ ಅಂತ ಇಳಿಯುತ್ತದೆ. ವಿಎಸ್ ಒಳಗೇ 1, 2 ಅಂತ ಮೆಟ್ಟಿಲಿದೆ. ನನ್ನ ಮಟ್ಟಿಗೆ ಬಣ್ಣ ಇ ಇಂದ ಜಿ ಒಳಗೆ, ಶುದ್ಧತೆ ವಿಎಸ್‌2ಗಿಂತ ಮೇಲೆ ಇದ್ದರೆ ಸಾಕು. ಡಿ ಬಣ್ಣ, ಒಂದು ಚುಕ್ಕೆಯೂ ಇಲ್ಲದ ಕಲ್ಲಿಗೇ ಹೋಗಬೇಕು ಅಂತ ಹಟ ಮಾಡಬೇಡಿ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಹಣದುಬ್ಬರ ಜೋರಾಗಿದ್ದಾಗ ಜನ ಹೆದರಿ ಅಂಥ ಕಲ್ಲುಗಳನ್ನೇ ಉಳಿತಾಯಕ್ಕೆ ಅಂತ ಕೊಂಡರು. ಬೆಲೆ ಆಕಾಶಕ್ಕೆ ಹೋಯಿತು. 1980 ಕಳೆದ ಮೇಲೆ ಕುಸಿಯಿತು. ಕೊಂಡವರಲ್ಲಿ ಕಲ್ಲಿನ ಮೇಲೆ ಆಸೆ ಇದ್ದವರು ಕಡಿಮೆ, ಎಲ್ಲರಿಗೂ ಇನ್ನೊಬ್ಬನಿಗೆ ಮಾರುವ ಆಸೆ.

ಪ್ರಮಾಣಪತ್ರ ಇಲ್ಲದ ಕಲ್ಲನ್ನು ಮುಟ್ಟಬೇಡಿ. ಜಿಐಎ, ಐಜಿಐ, ಎಚ್‌ಆರ್‌ಡಿ ಇವು ಹೆಸರಿರುವ ಲ್ಯಾಬುಗಳು. ಅಂಗಡಿಯವರೇ ಪ್ರಿಂಟ್ ಮಾಡಿಕೊಟ್ಟ ಕಾರ್ಡು ಪ್ರಮಾಣಪತ್ರ ಅಲ್ಲ. ಪತ್ರದ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಅಲ್ಲೇ ನಿಂತು ಮೊಬೈಲಿನಲ್ಲಿ ಹಾಕಿ ನೋಡಿ. ಆ ನಂಬರು ಕಲ್ಲಿನ ಸೊಂಟದ ಮೇಲೂ ಲೇಸರಿನಲ್ಲಿ ಕೊರೆದಿದ್ದರೆ ಲೂಪ್ ಕೇಳಿ ಓದಿ. ಕಾಣಲಿಲ್ಲ ಅಂದರೆ ಅವರ ಹತ್ತಿರ ಮೈಕ್ರೋಸ್ಕೋಪ್ ಇರುತ್ತದೆ, ನಾಚಿಕೊಳ್ಳಬೇಡಿ. ಇನ್ನೊಂದು ಮಾತು. ಹಾಲ್‌ಮಾರ್ಕ್ ಇದೆ, ಎಚ್‌ಯುಐಡಿ ಇದೆ ಅಂತ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಆ ಮುದ್ರೆ, ಆ ಗುರುತಿನ ನಂಬರು ಎರಡೂ ಚಿನ್ನದ ಶುದ್ಧತೆಗೆ. ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ.

ಪತ್ರದಲ್ಲಿ ಫ್ಲೂರೊಸೆನ್ಸ್ ಅಂತ ಒಂದು ಸಾಲು ಇರುತ್ತದೆ, ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಕಲ್ಲು ಎಷ್ಟು ಹೊಳೆಯುತ್ತೆ ಅಂತ. "ಸ್ಟ್ರಾಂಗ್" ಅಂತ ಇದ್ದರೆ ಒಳ್ಳೆ ಬಣ್ಣದ ಕಲ್ಲಿಗೆ ಬೆಲೆ ಕಡಿಮೆ ಆಗುತ್ತದೆ. ತಮಾಷೆ ಅಂದರೆ, ನಮ್ಮ ಹಿರಿಯರು ಬಾಯಿ ಚಪ್ಪರಿಸುತ್ತಿದ್ದ ಬ್ಲೂ ಜಾಗರ್ ಕಲ್ಲಿನ ನೀಲಿ ಹೊಳಪಿನ ಗುಟ್ಟೂ ಇದೇ ಅಂತಾರೆ. ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯ ಹೆಸರು ನಮ್ಮೂರಿಗೆ ಬರುವಷ್ಟರಲ್ಲಿ ಜಾಗರ್ ಆಯಿತು. ಆ ಗಣಿ 1971ರಲ್ಲೇ ಮುಚ್ಚಿದೆ. ಇವತ್ತು ಯಾರಾದರೂ "ಇದು ಬ್ಲೂ ಜಾಗರ್, ಜಾಸ್ತಿ ಆಗುತ್ತೆ" ಅಂದರೆ, "ಪತ್ರದಲ್ಲಿ ಹಾಗೆ ಬರೆದಿದೆಯಾ?" ಅಂತ ಕೇಳಿ. ಬರೆದಿರುವುದಿಲ್ಲ.

ಲ್ಯಾಬ್ ವಜ್ರದ ಗಲಾಟೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಈಗ ವಜ್ರದ ಪೇಟೆಯನ್ನು ಅಲ್ಲಾಡಿಸಿದ್ದೇ ಇದು.

ಅಮೆರಿಕನ್ ಡೈಮಂಡ್ ಅಂತ ನಾವು ಕರೆಯುವುದು ವಜ್ರವೇ ಅಲ್ಲ, ಜಿರ್ಕೋನಿಯಾ. ಅದನ್ನು ಹಿಡಿಯುವುದು ಸುಲಭ. ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ತೂಗುತ್ತದೆ. ವಜ್ರ ಪರೀಕ್ಷೆ ಮಾಡುವ ಟೆಸ್ಟರ್ ಪೆನ್ ಇಟ್ಟರೆ ಕೂಗುವುದಿಲ್ಲ. ಮಾಯಿಸನೈಟ್ ಅನ್ನುವ ಇನ್ನೊಂದು ನಕಲಿ ಕಲ್ಲು ಸ್ವಲ್ಪ ಕಿಲಾಡಿ. ಕಲ್ಲಿನಲ್ಲಿ ಬಿಸಿ ಹೇಗೆ ಹರಿಯುತ್ತೆ ಅಂತ ನೋಡುವ ಸಾದಾ ಪೆನ್ನನ್ನು ವಜ್ರ ಅಂತಲೇ ಕೂಗಿಸುತ್ತದೆ. ಅದಕ್ಕೆ ಬೇರೆ ಟೆಸ್ಟರ್ ಬೇಕು.

ಲ್ಯಾಬಿನಲ್ಲಿ ಬೆಳೆಸಿದ್ದು ಇವೆರಡರ ಹಾಗಲ್ಲ. ಅದೂ ಕಾರ್ಬನ್, ಅದೂ ವಜ್ರವೇ. ಪೆನ್ನೂ ಹೇಳಲಾರದು, ನನ್ನ ಕಣ್ಣೂ ಹೇಳಲಾರದು. ದೊಡ್ಡ ಯಂತ್ರ ಇರುವ ಲ್ಯಾಬೇ ಹೇಳಬೇಕು. 2023ರಲ್ಲಿ ನಮ್ಮ ಪ್ರಧಾನಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿಗೆ ಉಡುಗೊರೆ ಕೊಟ್ಟ ಏಳೂವರೆ ಕ್ಯಾರೆಟ್ ವಜ್ರ ಇದೇ ಥರದ್ದು. ಹಾಕಿಕೊಳ್ಳಲು ಬೇಕೇ? ಸಂತೋಷವಾಗಿ ಕೊಳ್ಳಿ, ಕಡಿಮೆ ದುಡ್ಡಿಗೆ ದೊಡ್ಡ ಕಲ್ಲು ಸಿಗುತ್ತದೆ. ಕೂಡಿಡಲು ಬೇಡವೇ ಬೇಡ. ಯಂತ್ರ ಹೆಚ್ಚಿದಷ್ಟೂ ಕಲ್ಲು ಹೆಚ್ಚುತ್ತದೆ, ಬೆಲೆ ಇಳಿಯುತ್ತದೆ. ಗಣಿ ವಜ್ರಕ್ಕೆ ಹೆಸರಾದ ಡಿ ಬಿಯರ್ಸ್ ಕಂಪನಿಯೇ 2018ರಲ್ಲಿ ಲೈಟ್‌ಬಾಕ್ಸ್ ಅಂತ ಲ್ಯಾಬ್ ವಜ್ರದ ಬ್ರ್ಯಾಂಡ್ ತೆಗೆದು, ಕ್ಯಾರೆಟ್ಟಿಗೆ 800 ಡಾಲರಿನಂತೆ ಮಾರಿತು. 2025ರಲ್ಲಿ ಅದನ್ನು ಮುಚ್ಚುವುದಾಗಿ ಹೇಳಿತು. ಜಿಐಎ ಕೂಡ ಅದೇ ವರ್ಷ ಲ್ಯಾಬ್ ವಜ್ರಕ್ಕೆ ಡಿ, ಇ, ವಿವಿಎಸ್ ಅಂತ ಹಳೇ ಅಕ್ಷರ ಕೊಡುವುದನ್ನು ಬಿಟ್ಟು, ಪ್ರೀಮಿಯಂ, ಸ್ಟ್ಯಾಂಡರ್ಡ್ ಅಂತ ಎರಡೇ ದರ್ಜೆ ಮಾಡಿತು.

ನೆಲದಿಂದ ಬಂದ ವಜ್ರಕ್ಕೂ ಇದರ ಏಟು ಬಿದ್ದಿದೆ. 2023ರ ಅಕ್ಟೋಬರ್ 15ರಿಂದ ಎರಡು ತಿಂಗಳು ಸೂರತ್, ಮುಂಬೈ ವ್ಯಾಪಾರಿಗಳು ತಾವಾಗಿಯೇ ಕಚ್ಚಾ ವಜ್ರದ ಆಮದು ನಿಲ್ಲಿಸಿದ್ದರು, ಮಾಲು ಹೋಗದೆ ಕೂತಿತ್ತು. ಡಿ ಬಿಯರ್ಸ್‌ನ ಒಡೆಯರಾದ ಆಂಗ್ಲೊ ಅಮೆರಿಕನ್ ಕಂಪನಿ ತನ್ನ ಲೆಕ್ಕದಲ್ಲಿ ಅದರ ಬೆಲೆಯನ್ನು 2024ರ ಶುರುವಿನಲ್ಲಿ 160 ಕೋಟಿ ಡಾಲರ್, 2025ರ ಶುರುವಿನಲ್ಲಿ ಇನ್ನೂ 290 ಕೋಟಿ ಡಾಲರ್ ಇಳಿಸಿಕೊಂಡಿತು. ಅದೇ 2025ರಲ್ಲಿ ಚಿನ್ನ 10 ಗ್ರಾಮಿಗೆ ಲಕ್ಷ ದಾಟಿತು. ಎರಡೂ ಒಂದೇ ಅಂಗಡಿಯ ಒಂದೇ ಗಾಜಿನ ಕೆಳಗೆ ಕೂತಿರುವುದರಿಂದ ಒಂದೇ ದಾರಿಯಲ್ಲಿ ಹೋಗುತ್ತವೆ ಅಂತ ನಮಗೆ ಅನಿಸುತ್ತದೆ.

ಬೆಲೆ ಇಳಿದಾಗಲೇ ಅಲ್ವಾ ಕೊಳ್ಳಬೇಕು ಅಂತ ಹುಡುಗ ಕೇಳಿದ. ಇರಬಹುದು. ಅದೇ ಕಾರಣಕ್ಕೆ ಹತ್ತು ವರ್ಷ ಮುಟ್ಟಬೇಕಿಲ್ಲದ ದುಡ್ಡು ಇದ್ದವರು ನೋಡಲಿ ಅಂದದ್ದು. ಆದರೆ ಪತ್ರದಲ್ಲಿ "ನ್ಯಾಚುರಲ್" ಅನ್ನುವ ಪದ ಇದೆಯೇ ಅಂತ ಎರಡು ಸಲ ಓದಿ. ಬಿಲ್ಲಿನಲ್ಲೂ ಅದೇ ಪದ ಬರೆಸಿ.

ಬಿಲ್ಲು, ಬೈಬ್ಯಾಕು

ಬಿಲ್ಲು ಹೇಗಿರಬೇಕು ಅಂದರೆ: ಕಲ್ಲಿನ ತೂಕ ಕ್ಯಾರೆಟ್ಟಿನಲ್ಲಿ, ಕ್ಯಾರೆಟ್ಟಿಗೆ ಎಷ್ಟು ರೂಪಾಯಿ, ಬಣ್ಣ, ಶುದ್ಧತೆ, ಪ್ರಮಾಣಪತ್ರದ ನಂಬರು, ಜಿಎಸ್‌ಟಿ ಬೇರೆ. ಒಡವೆಯೇ ಆದರೆ ಚಿನ್ನದ ನಿವ್ವಳ ತೂಕ, ಮಜೂರಿ, ತೇಮಾನು ಎಲ್ಲ ಬೇರೆ ಬೇರೆ ಸಾಲಿನಲ್ಲಿ. "ಡೈಮಂಡ್ ರಿಂಗ್ ಒಂದು" ಅಂತ ಒಂದೇ ಸಾಲಿನ ಬಿಲ್ಲು ಕೊಟ್ಟರೆ ಎದ್ದು ಬನ್ನಿ. ಕಲ್ಲಿನ ತೂಕವನ್ನೂ ಸೇರಿಸಿ ಚಿನ್ನದ ರೇಟು ಹಾಕುವ ಹಳೇ ಚಾಳಿ ಕೆಲವು ಕಡೆ ಇನ್ನೂ ಇದೆ. ನಾನು ಸಾಲಕ್ಕೆ ಬಂದ ಒಡವೆಗಳ ಹಳೇ ಬಿಲ್ಲುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

2 ಲಕ್ಷ ದಾಟಿದರೆ ಪ್ಯಾನ್ ಕೊಡಬೇಕು. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಳ್ಳುವುದು ಕಾನೂನಿಗೆ ವಿರುದ್ಧ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ" ಅನ್ನುವ ಮಾತಿಗೆ ಬೀಳಬೇಡಿ. ಚಿನ್ನವನ್ನಾದರೆ ಒರೆಗೆ ಹಚ್ಚಿ ಬೆಲೆ ಕಟ್ಟಬಹುದು. ಬಿಲ್ಲೂ ಪತ್ರವೂ ಇಲ್ಲದ ವಜ್ರಕ್ಕೆ ಎದುರಿನವನು ಹೇಳಿದ್ದೇ ಬೆಲೆ. ಮುಂದೆ ಲಾಭಕ್ಕೆ ಮಾರಿದರೆ ತೆರಿಗೆ ಇದೆ: 24 ತಿಂಗಳ ಮೇಲೆ ಇಟ್ಟುಕೊಂಡಿದ್ದರೆ ಲಾಭದ ಶೇಕಡಾ 12.5, ಅದಕ್ಕಿಂತ ಮೊದಲು ಮಾರಿದರೆ ನಿಮ್ಮ ಆದಾಯದ ಸ್ಲ್ಯಾಬಿನಂತೆ. ಕೊಂಡ ಬೆಲೆ ತೋರಿಸಲೂ ಬಿಲ್ಲೇ ಬೇಕು.

ಬೈಬ್ಯಾಕ್, ಅಂದರೆ ಮಾರಿದ್ದನ್ನು ನಾವೇ ವಾಪಸ್ ತಗೋತೀವಿ, ಅಂತ ಎಲ್ಲರೂ ಹೇಳುತ್ತಾರೆ. ನೀವು ನಾಲ್ಕು ಪ್ರಶ್ನೆ ಕೇಳಿ. ಕ್ಯಾಶ್ ಕೊಡ್ತೀರೋ, ಬರೀ ಎಕ್ಸ್‌ಚೇಂಜೋ? ಶೇಕಡಾ ಎಷ್ಟು? ಬಿಲ್ಲಿನ ಬೆಲೆ ಮೇಲೋ, ಮಾರುವ ದಿನದ ಬೆಲೆ ಮೇಲೋ, ಎರಡರಲ್ಲಿ ಕಡಿಮೆ ಇರುವುದರ ಮೇಲೋ? ನಿಮ್ಮ ಬೇರೆ ಊರಿನ ಅಂಗಡಿಯಲ್ಲೂ ನಡೆಯುತ್ತಾ? ಮೂರನೇ ಪ್ರಶ್ನೆಗೆ ಸೇಲ್ಸ್ ಹುಡುಗಿ ಮ್ಯಾನೇಜರನ್ನು ಕರೆಯುತ್ತಾಳೆ. ಅವರು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನ ಹಿಂದೆ ಬರೆದು ಸೀಲ್ ಹಾಕಿಸಿಕೊಳ್ಳಿ. ನನ್ನ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲ ಅಚ್ಚಾಗಿತ್ತು, ಬರೀ ಎಕ್ಸ್‌ಚೇಂಜ್ ಅಂತ. ಏಳು ವರ್ಷ ನಾನು ಅದನ್ನು ತಿರುಗಿಸಿಯೇ ನೋಡಿರಲಿಲ್ಲ.

ಫೋನ್ ಮಾಡಿ "ವಜ್ರದಲ್ಲಿ ತಿಂಗಳಿಗೆ ಇಷ್ಟು ಬಡ್ಡಿ ಗ್ಯಾರಂಟಿ" ಅನ್ನುವವರ ಬಗ್ಗೆ ಬರೆಯಲು ಏನೂ ಇಲ್ಲ. ಫೋನ್ ಇಟ್ಟುಬಿಡಿ.

ಇಡುವುದು, ಮಾರುವುದು

ವಜ್ರ ಗಟ್ಟಿ, ಸುತ್ತಿಗೆಗೂ ಜಗ್ಗಲ್ಲ ಅಂತ ನಮ್ಮಲ್ಲಿ ನಂಬಿಕೆ. ಇನ್ನೊಂದು ವಜ್ರ ತಾಗದಿದ್ದರೆ ಗೀರು ಬೀಳುವುದಿಲ್ಲ, ನಿಜ. ಸರಿಯಾದ ಕಡೆ ಏಟು ಬಿದ್ದರೆ ಸೀಳಿಹೋಗುತ್ತದೆ. ಅಂಚು ಚಕ್ಕೆ ಎದ್ದ ಕಲ್ಲಿಗೆ ಬೆಲೆಯೂ ಚಕ್ಕೆ ಏಳುತ್ತದೆ. ಎರಡು ವಜ್ರ ಒಂದೇ ಪೊಟ್ಟಣದಲ್ಲಿ ಇಡಬೇಡಿ, ಒಂದನ್ನೊಂದು ಗೀರುತ್ತವೆ. ಲ್ಯಾಬಿನವರು ಸೀಲ್ ಮಾಡಿದ ಪ್ಯಾಕೆಟ್ಟಿನಲ್ಲಿ ಬಂದಿದ್ದರೆ ಅದನ್ನು ಒಡೆಯಲೇಬೇಡಿ.

ಲಾಕರಿನಲ್ಲಿ ಇಡಿ, ಆದರೆ ಪ್ರಮಾಣಪತ್ರ ಮತ್ತು ಬಿಲ್ಲು ಬೇರೆ ಕಡೆ ಇರಲಿ. ಒಂದು ಫೋಟೊ ಮಗಳಿಗೋ ಮಗನಿಗೋ ಕಳಿಸಿಡಿ. ಬ್ಯಾಂಕಿನ ಲಾಕರಿನಲ್ಲಿ ಏನಿದೆ ಅಂತ ಬ್ಯಾಂಕಿಗೆ ಗೊತ್ತಿರುವುದಿಲ್ಲ. ಬ್ಯಾಂಕಿನ ತಪ್ಪಿನಿಂದ ಕಳುವೋ ಬೆಂಕಿಯೋ ಆದರೆ ಪರಿಹಾರ ವರ್ಷದ ಬಾಡಿಗೆಯ ನೂರು ಪಟ್ಟಿನ ತನಕ. ಬಾಡಿಗೆ 2,000 ಇದ್ದರೆ 2 ಲಕ್ಷ. ಐದು ಲಕ್ಷದ ಕಲ್ಲು ಇಡುವವರು ವಿಮೆ ಬಗ್ಗೆ ಬೇರೆ ವಿಚಾರಿಸಬೇಕು.

ಮಾರುವಾಗ ನಮ್ಮ ಕಡೆ ಇನ್ನೊಂದು ತೊಡಕಿದೆ. ವಜ್ರ ಎಲ್ಲರಿಗೂ ಆಗಿಬರಲ್ಲ ಅಂತಾರೆ. ಕೊಳ್ಳುವ ಮೊದಲು ಮನೆಗೆ ತಂದು ಮೂರು ದಿನ ದೇವರ ಮುಂದೆಯೋ ದಿಂಬಿನ ಕೆಳಗೋ ಇಟ್ಟು ನೋಡುವವರಿದ್ದಾರೆ. ಕೆಟ್ಟ ಕನಸು ಬಿದ್ದರೆ ವಾಪಸ್. ಅಪ್ಪನ ಹತ್ತಿರ ಒಂದು ಮೂಗುಬೊಟ್ಟಿನ ಕಲ್ಲು ಹೀಗೆ ನಾಲ್ಕು ಮನೆ ಸುತ್ತಿ ಬಂದಿತ್ತು. ಐದನೇ ಮನೆಯವರಿಗೆ ಏನೂ ಕನಸು ಬೀಳಲಿಲ್ಲ, ಇಟ್ಟುಕೊಂಡರು. ನೀವು ನಂಬುತ್ತೀರೋ ಇಲ್ಲವೋ ಬೇರೆ ಮಾತು. ಬೇರೆಯವರು ಹಾಕಿದ ವಜ್ರವನ್ನು ಕೊಳ್ಳುವ ಜನ ಇದರಿಂದಲೇ ಕಡಿಮೆ. ಹಾಗಾಗಿ ನೆಂಟರಿಗೆ, ಗೊತ್ತಿದ್ದವರಿಗೆ ನೇರವಾಗಿ ಮಾರಿ ಒಳ್ಳೆ ಬೆಲೆ ಗಿಟ್ಟಿಸುತ್ತೇನೆ ಅಂತ ಲೆಕ್ಕ ಹಾಕಬೇಡಿ. ಕೊಂಡ ಅಂಗಡಿ ಮೊದಲು, ಆಮೇಲೆ ಬೆಂಗಳೂರಿನ ಒಂದೆರಡು ಅಂಗಡಿ, ದೊಡ್ಡ ಕಲ್ಲಾದರೆ ಮುಂಬೈ ಸಂಪರ್ಕ ಇರುವ ವ್ಯಾಪಾರಿ. ಅವಸರ ಇದ್ದಾಗ ಮಾತ್ರ ಹೋಗಬೇಡಿ. ಎದುರಿನವನಿಗೆ ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತದೆ. ನನಗೂ ಗೊತ್ತಾಗುತ್ತಿತ್ತು.

ಹುಡುಗ ಮರುದಿನವೇ ಅವನಮ್ಮನ ಓಲೆ ತೆಗೆದುಕೊಂಡು ಗಾಂಧಿ ಬಜಾರಿಗೆ ಹೋಗಿದ್ದ. ಸಂಜೆ ಬಂದು ಚೀಟಿ ತೋರಿಸಿದ. ಮೂರು ಅಂಗಡಿ, ಚಿನ್ನಕ್ಕೆ ಹೆಚ್ಚುಕಡಿಮೆ ಒಂದೇ ರೇಟು. ಕಲ್ಲಿಗೆ 18,000, 11,000, ಮೂರನೆಯ ಕಡೆ ಒಂದು ಗೆರೆ. "ಗೆರೆ ಅಂದ್ರೇನೋ?" ಅಂದೆ. "ಬೇಡ ಅಂದ್ರು ಅಂಕಲ್."

ಅಷ್ಟರಲ್ಲಿ ಕಾಂಪೌಂಡಿನ ಆ ಕಡೆಯಿಂದ ಅವನಮ್ಮ ಕೂಗಿದರು: "ನನ್ನ ಓಲೆ ಮಾರೋಕೆ ಹೋಗಿದ್ಯೇನೋ ನೀನು?"